ಬ್ರಿತಾ ಕೊಂಡ ಕೆಟಲ್

"ಈ ಕೆಟಲ್ ಹಳೇ ಪಾದ್ರೀದು. ಇವರು ಮಲಗೋ ಮನೆ ಹಳೇ ಪಾದ್ರೀದು. ಹೆಂಡ್ತೀನೂ ಹಳೇ ಪಾದ್ರೀದೇ. ನಮ್ಮ ಹೊಸ ಪಾದ್ರಿಗಳು ಈ ಊರಿಗೆ ತಂದಿದ್ದು ಏನಪ್ಪಾ ಅಂದ್ರೆ, ಒಂದು ಬಾಯಿ!"

ನಿಲ್ಸ್ ಈ ಮಾತನ್ನು ಆಡಿದ್ದು ತನ್ನ ಮೊಮ್ಮಗಳಿಗೆ ಹೆಸರಿಟ್ಟ ದೀಕ್ಷಾಸ್ನಾನದ ಊಟದಲ್ಲಿ, ಮೂವತ್ತು ಜನರ ಎದುರಿಗೆ, ನನ್ನ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ. ಹೌದು, ಆ ಕೆಟಲ್ ನಾನೇ. ತಾಮ್ರದ ಮೈ, ಮೂರು ಕಾಲು, ಗಿಂಡಿಯಂಥ ಮೂತಿ. ಸ್ವೀಡನ್ ದೇಶದ ಲಿಂಡಬಿ ಎಂಬ ಆ ಊರಿನಲ್ಲಿ ಇಪ್ಪತ್ತು ಬಟ್ಟಲು ಕಾಫಿ ಒಟ್ಟಿಗೆ ಕಾಯಿಸಬಲ್ಲ ಕೆಟಲ್ ಇನ್ನೊಂದು ಇರಲಿಲ್ಲವಾದ್ದರಿಂದ ಪಾದ್ರಿ ಮನೆಯಿಂದ ನನ್ನನ್ನು ಎರವಲು ತಂದಿದ್ದರು. ಎರವಲು ತಂದ ಕೆಟಲಿನಿಂದ ಕಾಫಿ ಬಗ್ಗಿಸುತ್ತಾ, ಕೊಟ್ಟವರ ಮಾನ ತೆಗೆದ ಈ ಮನುಷ್ಯ ಆ ಊರ ಚರ್ಚಿನ ಪಾರುಪತ್ಯಗಾರ.

ಜನ ನಕ್ಕರು. ಮೊದಲು ಗಂಡಸರ ಮೇಜು, ಆಮೇಲೆ ಹೆಂಗಸರ ಮೇಜು. ಪಾದ್ರಿ ಯೂನಾಸ್ ಬಸಿಯನ್ನು ತುಟಿಗೆ ಹಿಡಿದಿದ್ದರು. ಮೆಲ್ಲಗೆ ಕೆಳಗಿಟ್ಟರು. ಬಟ್ಟಲನ್ನು ಬೋರಲು ಹಾಕಿದರು. ಆ ದೇಶದಲ್ಲಿ ಹಾಗೆ ಮಾಡಿದರೆ ಸಾಕು, ಇನ್ನು ಬೇಡ ಎಂದು ಅರ್ಥ. ಅವರ ಹೆಂಡತಿ ಬ್ರಿತಾ ಹೆಂಗಸರ ಮೇಜಿನ ತುದಿಯಲ್ಲಿ ರೊಟ್ಟಿ ಕೊಯ್ಯುತ್ತಿದ್ದಳು. ಚಾಕು ಒಂದು ಕ್ಷಣ ನಿಂತಿತು, ಮತ್ತೆ ನಡೆಯಿತು.

ಅಂದಿನಿಂದ ಮೂರು ವರ್ಷ ಆ ಪಾದ್ರಿ ನನ್ನಿಂದ ಒಂದು ಹನಿ ಕಾಫಿ ಕುಡಿಯಲಿಲ್ಲ.

ನನಗೆ ಸಿಟ್ಟು ಬರುವುದು ಯಾಕೆ ಗೊತ್ತೇ? ನಿಲ್ಸ್ ಹೇಳಿದ್ದು ಶುದ್ಧ ಸುಳ್ಳು. ಬೇರೆಯದು ಏನಾದರೂ ಇರಲಿ, ನಾನು ಹಳೇ ಪಾದ್ರಿಯದಲ್ಲ. ಯಾರದು ಎಂದು ಹೇಳಬೇಕಾದರೆ ನನ್ನ ಹುಟ್ಟಿನಿಂದಲೇ ಹೇಳಬೇಕು.

ಸ್ವೀಡನ್ ದೇಶದ ಉತ್ತರದ ಗಣಿಯೊಂದರಲ್ಲಿ ಕಲ್ಲಿನ ಜೊತೆ ಕಲ್ಲಾಗಿ ಬಿದ್ದಿದ್ದೆ. ಕಾಯಿಸಿದರು, ಕರಗಿಸಿದರು, ತಗಡು ಮಾಡಿದರು. ಪೇಟೆಯ ತಾಮ್ರದ ಕೆಲಸದವನೊಬ್ಬ ಹದಿನೈದು ದಿನ ಬಡಿದು ಬಡಿದು ನನಗೆ ಹೊಟ್ಟೆ ಬರಿಸಿದ. ಒಳಗೆ ಕಲಾಯಿ ಹಾಕಿದ. ಒಲೆಯ ಕೆಂಡದ ಮೇಲೆ ನೆಟ್ಟಗೆ ನಿಲ್ಲಲಿ ಎಂದು ಮೂರು ಕಾಲು ಬೆಸೆದ. ಅಂಗಡಿಯ ಹಲಗೆಯ ಮೇಲೆ ಕೂತಾಗ ನನಗೆ ಒಂದೇ ಕುತೂಹಲ: ಈ ಹೊಟ್ಟೆಯಲ್ಲಿ ಏನು ತುಂಬುತ್ತಾರೆ? ನೀರೋ, ಹಾಲೋ, ಗಂಜಿಯೋ?

ಒಂದು ದಿನ ಹತ್ತೊಂಬತ್ತರ ಹುಡುಗಿಯೊಬ್ಬಳು ಕಂಕುಳಲ್ಲಿ ನಾರುಬಟ್ಟೆಯ ದೊಡ್ಡ ಗಂಟು ಇಟ್ಟುಕೊಂಡು ಒಳಗೆ ಬಂದಳು. ಇಡೀ ಚಳಿಗಾಲ ಮಗ್ಗದ ಮುಂದೆ ಕೂತು ತಾನೇ ನೇಯ್ದದ್ದು. ಹಿಂದೆಯೇ ಅವಳಪ್ಪ ಲಾರ್ಸ್.

"ಕುರಿ ತಗೋ ಅಂದ್ರೆ ತಾಮ್ರ ತಗೋತಾಳಂತೆ," ಎಂದ ಅವನು ಅಂಗಡಿಯವನಿಗೆ. "ಒಂದ್ಸಲ ಪೇಟೆ ಸಾಹುಕಾರನ ಮನೇಲಿ ಆ ಕರೀ ನೀರು ಕುಡಿದಳು ನೋಡಪ್ಪ, ಅವತ್ತಿಂದ ತಲೆ ಕೆಟ್ಟಿದೆ."

"ಬಟ್ಟೆ ನಂದು, ತಲೇನೂ ನಂದೇ ಅಪ್ಪಾ," ಎಂದಳು ಹುಡುಗಿ. ಬೆರಳಿನ ಗೆಣ್ಣಿನಿಂದ ನನ್ನನ್ನು ತಟ್ಟಿ, ಕಿವಿ ಕೊಟ್ಟು ಸದ್ದು ಕೇಳಿದಳು. ನಾನು ಚೆನ್ನಾಗಿಯೇ ಸದ್ದು ಮಾಡಿದೆ. ಗಂಟು ಅಂಗಡಿಯವನ ಕೈಗೆ ಹೋಯಿತು, ನಾನು ಬ್ರಿತಾಳ ಕೈಗೆ ಬಂದೆ. ಆಗ ಅವಳಿಗೆ ಮದುವೆಯೇ ಆಗಿರಲಿಲ್ಲ. ಇದನ್ನು ನೆನಪಿಡಿ.

ನೀವು ಕಾಫಿಯ ಜನ, ನಿಮಗೆ ಹೇಳಿದರೆ ಅರ್ಥವಾಗುತ್ತದೆ. ಮೊದಲ ಸಲ ಕುದಿದಾಗ ನನ್ನ ಮೈಯೆಲ್ಲ ಜುಮ್ಮೆಂದಿತು. ಚರಟ ತಳಕ್ಕೆ ಕೂರಲಿ ಎಂದು ಆ ಕಡೆಯವರು ಕಾಫಿಗೆ ಒಣಮೀನಿನ ತೊಗಲಿನ ಒಂದು ಚೂರು ಹಾಕುತ್ತಾರೆ. ಮುಖ ಕಿವುಚಬೇಡಿ, ಕಾಫಿ ಕನ್ನಡಿಯ ಹಾಗೆ ತಿಳಿಯಾಗುತ್ತದೆ. ಸಕ್ಕರೆಯ ತುಂಡೊಂದನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿಕೊಂಡು, ಬಸಿಗೆ ಸುರಿದುಕೊಂಡು, ಸೊರ್ ಎಂದು ಎಳೆಯುವುದು ಅಲ್ಲಿನ ಕ್ರಮ.

ಇಪ್ಪತ್ತೆರಡಕ್ಕೆ ಬ್ರಿತಾಳನ್ನು ಲಿಂಡಬಿಯ ಪಾದ್ರಿಗೆ ಮದುವೆ ಮಾಡಿಕೊಟ್ಟರು. ವಯಸ್ಸಾದವರು, ಕೆಟ್ಟವರಲ್ಲ. ಆದರೆ ಕಾಫಿ ಅವರಿಗೆ ಸೇರುತ್ತಿರಲಿಲ್ಲ. "ಸುಟ್ಟ ಸೌದೆ ತೊಳೆದ ನೀರು," ಎನ್ನುತ್ತಿದ್ದರು. ಹನ್ನೆರಡು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನ್ನ ಹಿಡಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಒಂದು ಚಳಿಗಾಲ ಕೆಮ್ಮು ಹಿಡಿದು ತೀರಿಕೊಂಡರು.

ಆಮೇಲೆ ನಡೆದದ್ದು ನನಗೆ ಬಹಳ ದಿನ ತಲೆಗೆ ಹೋಗಲಿಲ್ಲ. ಆಗ ಆ ದೇಶದಲ್ಲಿ ಒಂದು ಪದ್ಧತಿ ಇತ್ತು. ಪಾದ್ರಿ ಸತ್ತರೆ ಹೆಂಡತಿ ಪಾದ್ರಿ ಮನೆ ಬಿಡಬೇಕು. ಮನೆ ಚರ್ಚಿನದು. ಹಾಗೆ ಅವಳು ಬೀದಿಗೆ ಬೀಳಬಾರದೆಂದು ಊರವರು ಹೊಸ ಪಾದ್ರಿಗೆ ಹೇಳುತ್ತಿದ್ದರು: ಚರ್ಚು ಬೇಕೋ, ಈ ವಿಧವೆಯನ್ನು ಮದುವೆಯಾಗು. ಬ್ರಿತಾಳನ್ನು ನೋಡಲು ಮೂವರು ಬಂದರು, ಒಂದೊಂದು ಭಾನುವಾರ ಒಬ್ಬೊಬ್ಬರು. ಒಲೆಯ ಮೇಲಿನಿಂದ ನಾನೂ ಅವರನ್ನು ನೋಡಿದೆ. ಮೊದಲನೆಯವನು ಹಸು ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದ. ಎರಡನೆಯವನು ಛಾವಣಿ ಸೋರುತ್ತದೆಯೇ ಎಂದು ನೋಡಿದ. ಮೂರನೆಯವರು ಯೂನಾಸ್. ಇಪ್ಪತ್ತೆಂಟು ವರ್ಷ, ಬಿದಿರುಕೋಲಿನ ಹಾಗೆ ಉದ್ದ, ಬಾಯಿ ಬಿಟ್ಟ ಬೂಟು. ಬಾಗಿಲಲ್ಲೇ ನಿಂತು ಕೇಳಿದರು: "ಇದು ಅಮ್ಮನವರಿಗೆ ಇಷ್ಟ ಇದೆಯಾ?"

"ಯಾವುದು? ಪಾದ್ರಿಗಳೋ, ಮದುವೆಯೋ?"

"ಎರಡೂ."

"ಮದುವೆ ವಿಷಯ ಆಮೇಲೆ. ಒಳಗೆ ಬಂದು ಮೊದಲು ಕಾಫಿ ಕುಡೀರಿ," ಎಂದಳು ಮೂವತ್ನಾಲ್ಕರ ಬ್ರಿತಾ. ಅವರು ಮೂರು ಬಸಿ ಕುಡಿದರು. ನಾಲ್ಕನೆಯದಕ್ಕೆ ಆಸೆಗಣ್ಣು ಬಿಟ್ಟರು. ಮದುವೆ ಆಯಿತು.

ಆ ಮೊದಲ ವರ್ಷ ಅಡಿಗೆಮನೆ ಎಷ್ಟು ಚೆನ್ನಾಗಿತ್ತೆಂದರೆ! ಮಧ್ಯಾಹ್ನ ಎರಡಕ್ಕೆ ನಾನು ಕೆಂಡದ ಮೇಲೆ. ಯೂನಾಸ್ ಅದೇ ಮೇಜಿನ ಮೇಲೆ ಭಾನುವಾರದ ಉಪದೇಶ ಬರೆದು ಅವಳಿಗೆ ಓದಿ ಹೇಳುವರು. ಅವಳು ಹೆಣಿಗೆ ಹಾಕುತ್ತಾ, "ಈ ಜಾಗದಲ್ಲಿ ಜನ ನಿದ್ದೆ ಹೋಗ್ತಾರೆ, ತೆಗೀರಿ," ಎನ್ನುವಳು. ಅವರು ಗೊಣಗುತ್ತಾ ಗೀಟು ಹೊಡೆಯುವರು.

ನಿಲ್ಸನಿಗೆ ತನ್ನ ತಂಗಿಯ ಮಗನನ್ನು ಅಲ್ಲಿಗೆ ಪಾದ್ರಿ ಮಾಡಬೇಕೆಂದಿತ್ತು. ಆ ಹೊಟ್ಟೆಯುರಿಯೇ ಊಟದ ದಿನ ಬಾಯಿಗೆ ಬಂತು. ಒಂದು ಮಾತು, ಅಷ್ಟೇ. ಯೂನಾಸ್ ತಮ್ಮ ಕಾಗದ, ಲೇಖನಿಯನ್ನು ಮಹಡಿಯ ಕೋಣೆಗೆ ಸಾಗಿಸಿಬಿಟ್ಟರು. ಎರಡು ಗಂಟೆಗೆ ಕೆಳಗಿಳಿದು ಸಪ್ಪೆ ಬಿಯರ್ ಕುಡಿದು ಹತ್ತಿಹೋಗುವರು. ಬೈಯಲಿಲ್ಲ, ಹೊಡೆಯಲಿಲ್ಲ. ಬಾಡಿಗೆಗೆ ಬಂದವರ ಹಾಗೆ ಇದ್ದರು. ಬ್ರಿತಾ ಒಬ್ಬಳೇ ಕಾಫಿ ಕುಡಿದಳು. ಎದುರಿಗೆ ಎರಡನೆಯ ಬಟ್ಟಲನ್ನು ಇಡುವುದನ್ನು ಮಾತ್ರ ಬಿಡಲಿಲ್ಲ.

ಒಂದು ಮಾತು ಹೇಳಬಾರದೇ ತಾಯಿ, ಕೆಟಲ್ ನಂದು ಅಂತ? ಹೇಳಲಿಲ್ಲ. ಅವರು ಕೇಳಲಿ ಎಂದು ಇವಳು, ಇವಳು ಹೇಳಲಿ ಎಂದು ಅವರು. ಓದು ಬಂದವರಿಗೆ ಇಷ್ಟೂ ತಿಳಿಯದೇ ಹೇಗಿರುತ್ತದೆ ಎಂಬುದೇ ನನಗೆ ಸೋಜಿಗ. ನನಗೆ ಬಾಯಿಲ್ಲ, ಮೂತಿ ಮಾತ್ರ ಇದೆ. ಇದ್ದಿದ್ದರೆ ಇಬ್ಬರನ್ನೂ ಕೂರಿಸಿ ಬೈಯುತ್ತಿದ್ದೆ.

ಮೂರನೆಯ ವರ್ಷ ರಾಜನ ಅಪ್ಪಣೆ ಬಂತು: ಇನ್ನು ಮುಂದೆ ದೇಶದಲ್ಲಿ ಯಾರೂ ಕಾಫಿ ಕುಡಿಯಕೂಡದು. ನಗಬೇಡಿ, ಅಲ್ಲಿ ಇಂಥ ಅಪ್ಪಣೆ ಒಂದಲ್ಲ, ಹಲವು ಸಲ ಬಂದಿದೆ. ರಾಜನ ಅಪ್ಪಣೆಯನ್ನು ಚರ್ಚಿನಲ್ಲಿ ಓದಿ ಹೇಳುವುದು ಪಾದ್ರಿಯ ಕೆಲಸ. ಯೂನಾಸ್ ಓದಿದರು. ಮುಂದಿನ ಭಾನುವಾರದೊಳಗೆ ಕೆಟಲುಗಳನ್ನು ಅಮಲ್ದಾರನಿಗೆ ಒಪ್ಪಿಸಬೇಕು, ಬಚ್ಚಿಟ್ಟವರಿಗೆ ದಂಡ, ಅವರ ಹೆಸರು ಚರ್ಚಿನಲ್ಲೇ ಓದಲಾಗುವುದು.

ಮನೆಗೆ ಬಂದಾಗ ಬ್ರಿತಾ ಒಲೆಯ ಮುಂದೆ ನಿಂತಿದ್ದಳು. ಕೆಲಸದ ಕಾಯ್ಸಾ ಮೂಲೆಯಲ್ಲಿ ಬೆಣ್ಣೆ ಕಡೆಯುತ್ತಿದ್ದಳು.

"ಪಾದ್ರಿಗಳಿಗೆ ಇವತ್ತು ಸಮಾಧಾನ ಆಗಿರಬೇಕು," ಎಂದಳು ಬ್ರಿತಾ. ಆ ದೇಶದಲ್ಲಿ ಗಂಡ ಹೆಂಡತಿಯೂ ಹೀಗೇ, ಪಾದ್ರಿಗಳು, ಅಮ್ಮನವರು ಎಂದೇ ಮಾತಾಡಿಕೊಳ್ಳುವುದು.

"ರಾಜರ ಅಪ್ಪಣೆ. ನಾನು ಬರೆದಿದ್ದಲ್ಲ."

"ಓದುವಾಗ ದನಿ ಚೂರೂ ನಡುಗಲಿಲ್ಲ."

"ನಡುಗೋಕೆ ಏನಿದೆ? ಆ ಪಾತ್ರೆ ಅವರದು. ಅವರ ಹಿಂದೇನೇ ಹೋಗಬೇಕಿತ್ತು."

"ಯಾರದು?"

"ಅಮ್ಮನವರಿಗೆ ಗೊತ್ತು. ಊರಿಗೇ ಗೊತ್ತು."

ಬ್ರಿತಾ ನಕ್ಕಳು. ಆ ನಗು ಕೇಳಿ ಕಾಯ್ಸಾಳ ಕಡೆಗೋಲು ನಿಂತಿತು. "ಇದು ನಾನು ನೇಯ್ದ ಬಟ್ಟೆ ಕೊಟ್ಟು ಕೊಂಡಿದ್ದು. ಆಗ ನಾನು ಯಾರ ಹೆಂಡ್ತೀನೂ ಅಲ್ಲ, ಲಾರ್ಸನ ಮಗಳು. ಆ ಪುಣ್ಯಾತ್ಮ ಸಾಯೋವರೆಗೂ ಇದನ್ನ ಮುಟ್ಟಲಿಲ್ಲ. ಈ ಮನೇಲಿ ಇದರಿಂದ ಕುಡಿದ ಗಂಡಸು ಪಾದ್ರಿಗಳು ಒಬ್ಬರೇ."

ಯೂನಾಸ್ ಅವರ ಮುಖ ಕಿವಿಯವರೆಗೂ ಕೆಂಪಾಯಿತು. "ಮೂರು ವರ್ಷ ಯಾಕೆ ಹೇಳಲಿಲ್ಲ?"

"ಮೂರು ವರ್ಷ ಯಾಕೆ ಕೇಳಲಿಲ್ಲ?"

ಈಗಲಾದರೂ ಕೂರುತ್ತಾರೆ, ಬಟ್ಟಲು ಮುಂದಕ್ಕೆ ಚಾಚುತ್ತಾರೆ ಎಂದುಕೊಂಡೆ. ಎಲ್ಲಿ! ಅವರು, "ಆದರೂ ಭಾನುವಾರದೊಳಗೆ ಕೊಡಲೇಬೇಕು. ನಾನೇ ಓದಿ ಹೇಳಿದ್ದೀನಲ್ಲ," ಎಂದು ಮಹಡಿ ಹತ್ತಿದರು. ನನಗೆ ಬಂದ ಕೋಪಕ್ಕೆ, ಒಳಗಿದ್ದ ನೀರು ಬೆಂಕಿಯಿಲ್ಲದೆ ಕುದಿಯಬೇಕಿತ್ತು.

ಆ ಭಾನುವಾರಕ್ಕೆ ಬರುವ ಮೊದಲು ನನ್ನ ಮುಪ್ಪಿನ ಮಾತು ಮುಗಿಸಿಬಿಡುತ್ತೇನೆ. ಅದು ಹೆಚ್ಚಿಲ್ಲ. ಎಷ್ಟೋ ವರ್ಷಗಳ ಮೇಲೆ ಕಾಯ್ಸಾಳ ಪಾಲಿಗೆ ಬಂದೆ, ಅವಳಿಂದ ಅವಳ ಮಗಳಿಗೆ, ಅಲ್ಲಿಂದ ಮೊಮ್ಮಗಳಿಗೆ. ಕಬ್ಬಿಣದ ಒಲೆಗಳು ಬಂದ ಮೇಲೆ ಮೂರು ಕಾಲಿನವರಿಗೆ ಬೆಲೆ ಹೋಯಿತು. ಒಂದು ಕಾಲು ಮುರಿಯಿತು. ಕೆಲವು ಕಾಲ ನನ್ನೊಳಗೆ ಅಂಗಿಯ ಗುಂಡಿಗಳನ್ನು ಹಾಕಿಟ್ಟರು, ಕೆಲವು ಕಾಲ ಹೂವಿನ ಗಿಡ ನೆಟ್ಟರು. ಈಗ ಲಿಂಡಬಿಯಲ್ಲೇ, ಹಳೆಯ ಸಾಮಾನು ಜೋಡಿಸಿಟ್ಟ ಮನೆಯೊಂದರ ಗಾಜಿನ ಕಪಾಟಿನಲ್ಲಿ ಒರಗಿಕೊಂಡಿದ್ದೇನೆ. ಬೇಸಿಗೆಯಲ್ಲಿ ಜನ ಬಂದು ನೋಡುತ್ತಾರೆ. ಎದುರಿಗೆ ಒಂದು ಚೀಟಿ: "ಪಾದ್ರಿಯವರ ಕಾಫಿ ಕೆಟಲ್." ಇನ್ನೂರು ವರ್ಷ ಕಳೆದರೂ ಅದೇ ಸುಳ್ಳು! ಯಾವ ಪಾದ್ರಿಯದೂ ಅಲ್ಲ ಮಾರಾಯರೇ. ನೇಯ್ದವಳ ಹೆಸರು ಬರೆಯಲು ಚೀಟಿಯಲ್ಲಿ ಜಾಗ ಇರಲಿಲ್ಲವೇ? ಆದರೆ ಒಂದನ್ನು ಒಪ್ಪುತ್ತೇನೆ. ಒಬ್ಬ ಪಾದ್ರಿ ಒಂದೇ ಒಂದು ದಿನ ನನ್ನನ್ನು ಹೊತ್ತರು. ಅದು ಆ ಭಾನುವಾರ.

ಹಿಂದಿನ ದಿನ ಮಧ್ಯಾಹ್ನ ಬ್ರಿತಾ ಕೊನೆಯ ಬಟ್ಟಲು ಕುಡಿದು ನನ್ನನ್ನು ಬೆಳಗಿದಳು. ಪಾದ್ರಿ ಮನೆಯನ್ನೂ ಶೋಧಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಯಾರೂ ಶೋಧಿಸದ ಜಾಗ ಒಂದೇ, ಚರ್ಚು. ಅಲ್ಲಿ ಪಾದ್ರಿ ಉಡುಪು ಬದಲಿಸುವ ಕೋಣೆಯ ಪೆಟ್ಟಿಗೆಯಲ್ಲಿ ಅವಳೇ ಒಗೆದು ಮಡಚಿಡುವ ಬಿಳಿ ನಿಲುವಂಗಿ ಇರುತ್ತದೆ. ಪ್ರಭುಭೋಜನದ, ಅಂದರೆ ಜನಕ್ಕೆ ರೊಟ್ಟಿ, ದ್ರಾಕ್ಷಾರಸ ಹಂಚುವ ಭಾನುವಾರ ಮಾತ್ರ ಅದನ್ನು ಹೊರತೆಗೆಯುವುದು. ಪ್ರಭುಭೋಜನ ಹೋದ ವಾರ ಇರಬೇಕಿತ್ತು. ಇನ್ನು ತಿಂಗಳು ಪೆಟ್ಟಿಗೆ ತೆರೆಯುವುದಿಲ್ಲ ಎಂದು ಎಣಿಸಿ ಅವಳು ನನ್ನನ್ನು ಆ ಮಡಿಕೆಗಳೊಳಗೆ ಮಲಗಿಸಿ ಬಂದಳು. ಹೋದ ವಾರ ಹಿಮ ಬಿದ್ದು ಪೇಟೆಯಿಂದ ದ್ರಾಕ್ಷಾರಸ ಬಾರದೆ ಪ್ರಭುಭೋಜನವನ್ನು ಈ ವಾರಕ್ಕೆ ಹಾಕಿದ್ದು ಆ ತಲೆಬಿಸಿಯಲ್ಲಿ ಮರೆತೇಹೋಗಿತ್ತು. ಇಬ್ಬರು ಪಾದ್ರಿಗಳ ಹೆಂಡತಿಯಾದವಳು, ಇಂಥ ತಪ್ಪು!

ಬೆಳಿಗ್ಗೆ ಪೆಟ್ಟಿಗೆ ತೆರೆಯಿತು. ಯೂನಾಸ್ ಅಂಗಿಯನ್ನು ಎತ್ತಿದರು, ನಾನು ಕಣ್ಣಿಗೆ ಬಿದ್ದೆ. ಅವರು ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ನನ್ನನ್ನು ಎತ್ತಿಕೊಂಡು ಮುಚ್ಚಳ ತೆಗೆದು ಮೂಗನ್ನು ಒಳಗಿಟ್ಟರು. ಹಾಗೇ ಇಟ್ಟುಕೊಂಡರು. ಮೂರು ವರ್ಷದ್ದನ್ನು ಒಂದೇ ಉಸಿರಿಗೆ ಎಳೆದುಕೊಳ್ಳುತ್ತಾರೇನೋ ಎಂದುಕೊಂಡೆ. ಗಂಟೆ ಹೊಡೆಯಿತು. ನನ್ನನ್ನು ಪೆಟ್ಟಿಗೆಯಲ್ಲಿಟ್ಟು, ಅಂಗಿ ತೊಟ್ಟು ಹೋದರು. ಆರಾಧನೆ ಮುಗಿದ ಮೇಲೆ ಬಂದು ಅದೇ ಬಿಳಿ ಅಂಗಿಯನ್ನು ಕಳಚಿ, ನನಗೆ ಎರಡು ಸುತ್ತು ಸುತ್ತಿ, ಒಗೆಯಲು ಒಯ್ಯುವ ಗಂಟಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಎಲ್ಲಿಗೆ? ಅಮಲ್ದಾರನ ಬಳಿಗೋ, ಮನೆಗೋ? ಬಟ್ಟೆಯೊಳಗೆ ನನಗೆ ಕತ್ತಲು; ಕಾಣದ್ದನ್ನು ಆಮೇಲೆ ಕಾಯ್ಸಾ ಹೇಳಿದ್ದು ಕೇಳಿ ತಿಳಿದೆ.

ಚರ್ಚಿನ ಮುಂದಿನ ದಿಬ್ಬದಲ್ಲಿ ಊರೆಲ್ಲಾ ನಿಂತಿತ್ತು. ಆರಾಧನೆ ನಡೆಯುತ್ತಿದ್ದಾಗಲೇ ಅಮಲ್ದಾರನೂ ನಿಲ್ಸನೂ ಪಾದ್ರಿ ಮನೆಯನ್ನು ಜಾಲಾಡಿ ಬಂದಿದ್ದರು.

"ಒಲೆ ಬೂದೀಲಿ ಮೂರು ಕಾಲಿನ ಗುರುತಿದೆ, ಕೆಟಲ್ ಇಲ್ಲ!" ಇದು ನಿಲ್ಸನ ದನಿ. "ಪಾದ್ರಿಗಳೇ ಹೇಳಿಬಿಡಲಿ, ಎಲ್ಲರೂ ಕೇಳಿಸ್ಕೊಳ್ಳಲಿ. ಇದೆಯೋ, ಇಲ್ವೋ?"

ಅಮಲ್ದಾರನಿಗೆ ಊಟದ ಹೊತ್ತು ಮೀರಿತ್ತು. "ನೋಡಿ ಸ್ವಾಮಿ, ಪಾದ್ರಿಗಳು ಸುಳ್ಳು ಹೇಳಲ್ಲ. ಇಲ್ಲ ಅಂದ್ಬಿಡಿ, ನಾನು ಹೊರಡ್ತೀನಿ. ಇದೆ ಅಂದ್ರೆ ಅಮ್ಮನವರ ಹೆಸರು ಬರ್ಕೋಬೇಕಾಗುತ್ತೆ. ಬಾಯೇ ಬಿಡದಿದ್ರೆ ಬಿಷಪ್‌ಗೆ ಬರೀತೀನಿ. ಆಮೇಲೆ ಈ ಚರ್ಚು ನಿಮಗೆ ಉಳಿಯುತ್ತೋ ಇಲ್ವೋ, ನಂಗೊತ್ತಿಲ್ಲ."

ಇಲ್ಲ ಎನ್ನುವುದು ಎಷ್ಟು ಸುಲಭ! ಆದರೆ ಯೂನಾಸ್ ಸುಳ್ಳು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಇದೆ ಎಂದರೆ ಮುಂದಿನ ವಾರ ಪೀಠದ ಮೇಲೆ ನಿಂತು ಹೆಂಡತಿಯ ಹೆಸರನ್ನು ತಾವೇ ಓದಬೇಕು. ಅವರ ಎದೆ ನನ್ನ ಮೈಗೆ ಡಬಡಬ ಬಡಿಯುತ್ತಿತ್ತು.

"ಅದು ನಂದು," ಎಂದು ಹೆಂಗಸರ ನಡುವಿನಿಂದ ಬ್ರಿತಾ ಬಾಯಿ ತೆರೆದಳು. "ನಾನೇ..."

ಅಷ್ಟರಲ್ಲಿ ಯೂನಾಸ್ ನಡೆಯತೊಡಗಿದ್ದರು. ಅಮಲ್ದಾರನನ್ನು ದಾಟಿದರು, ನಿಲ್ಸನನ್ನು ದಾಟಿದರು, ಹೆಂಗಸರ ಗುಂಪಿಗೆ ಬಂದು ಬ್ರಿತಾಳ ಮುಂದೆ ನಿಂತು ಖಾಲಿಯಿದ್ದ ತೋಳನ್ನು ಚಾಚಿದರು. ಅವಳು ಆ ತೋಳನ್ನೂ ನೋಡಿದಳು, ಈ ಕಂಕುಳಿನ ಗಂಟನ್ನೂ ನೋಡಿದಳು. ತೋಳು ಹಿಡಿದಳು.

"ಪಾದ್ರಿಗಳೇ, ನಿಮ್ಮನ್ನೇ ಕೇಳ್ತಿರೋದು! ಬಾಯಿಲ್ವಾ?" ನಿಲ್ಸ್ ಕೂಗಿದ. ಈ ಸಲ ಯಾರೂ ನಗಲಿಲ್ಲ.

ನನ್ನ ಒಂದು ಕಾಲು ಅವರ ಪಕ್ಕೆಲುಬಿಗೆ ಚುಚ್ಚುತ್ತಿತ್ತು. ಅವರು ಗಂಟನ್ನು ಸ್ವಲ್ಪ ಮೇಲಕ್ಕೆ ಸರಿಸಿ ಇನ್ನೂ ಬಿಗಿಯಾಗಿ ಅವುಚಿಕೊಂಡರು. ತಿರುಗಿ ನೋಡಲಿಲ್ಲ. ಹಿಮದ ಮೇಲೆ ಎರಡು ಜೊತೆ ಬೂಟುಗಳು ಕರಕರ ಎನ್ನುತ್ತಾ ದಿಬ್ಬ ಇಳಿದವು.