ಗದ್ದ ತಗ್ಗಿಸಿ ನುಂಗು

ನಮ್ಮ ಬಂದರೂರು ಮಹ್ದಿಯಾದಲ್ಲಿ ಕಾಯಿಲೆಯವರ ಮುಂದೆ ಮುಖ ಗಂಟಿಕ್ಕಿ ಕೂತವರನ್ನು ಯಾರೂ ಮತ್ತೆ ಮನೆಯೊಳಗೆ ಸೇರಿಸುವುದಿಲ್ಲ. ಎದುರಿಗೆ ಕೂತ ಮೇಲೆ ನಗಬೇಕು, ನಗಿಸಬೇಕು. ನನ್ನ ತಮ್ಮ ಬಶೀರನಿಗೆ ಲಕ್ವ ಹೊಡೆದಾಗಲೂ ನಾವು ಹಾಗೆಯೇ ಮಾಡಿದೆವು. ದೋಣಿ ರಿಪೇರಿ ಮಾಡುತ್ತ ಬಂದರಿಗೆ ಬಂದರನ್ನೇ ನಗಿಸುತ್ತಿದ್ದವನು ಅವನು!

ಮಾತು ಅಷ್ಟಿಷ್ಟು ಮರಳಿತು. ನುಂಗುವುದು ಮಾತ್ರ ಮರೆತೇಹೋಗಿತ್ತು. ಮೂಗಿಗೆ ಹಾಕಿದ ನಳಿಕೆಯಲ್ಲೇ ಊಟ. ಗದ್ದ ತಗ್ಗಿಸಿ ನುಂಗುವುದನ್ನು ಕಲಿತರೆ ನಳಿಕೆ ತೆಗೆಯಬಹುದು, ತಲೆ ಎತ್ತಿ ನುಂಗಿದರೆ ತುತ್ತು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಸಂಚಕಾರ ಎಂದರು ಡಾಕ್ಟರು. ಅವನ ಮಗಳು ನಜ್ಲಾ ದಿನವೂ ಒಂದಿಷ್ಟು ಗಟ್ಟಿ ಗಂಜಿ ಕಲಸಿ ಚಮಚ ಹಿಡಿಯುತ್ತಿದ್ದಳು. ಇವನೋ ತಲೆ ಎತ್ತಿಯೇ ನುಂಗುತ್ತಿದ್ದ, ಕೆಮ್ಮಿ ಕೆಮ್ಮಿ ಕೆಂಪಾಗುತ್ತಿದ್ದ. ನಾವು ಹೆಂಗಸರು ಆಗಲೂ ನಾಲಗೆ ಹೊರಳಿಸಿ ಮದುವೆಮನೆಯಂತೆ ಯೂಯೂ ಕೂಗು ಹಾಕುತ್ತಿದ್ದೆವು.

"ಭಲೇ ನನ್ ಸಿಂಹ! ಕೆಮ್ಮಿದ್ರೆ ಕಡಲೇ ಅಲ್ಲಾಡ್ತು ಕಣೋ!" ಎನ್ನುತ್ತಿದ್ದೆ. ಅವನು ಸೊಟ್ಟಬಾಯಲ್ಲೇ ನಗುತ್ತಿದ್ದ.

ನಜ್ಲಾಗೆ ಮೆಡಿಕಲ್ ಕಾಲೇಜಿನಲ್ಲಿ ಕೆಲಸ. ಹುಡುಗರ ತಲೆಗೆ ತಂತಿಯ ಟೋಪಿ ಹಾಕಿ ಮೆದುಳು ಏನು ಮಾಡುತ್ತದೆಂದು ನೋಡುವುದು. ಒಂದು ದಿನ ಅವಳಿಗೆ ರೇಗಿಹೋಯಿತು.

"ಅತ್ತೆ, ಸಾಕ್ ಮಾಡಿ! ನಮ್ಮಲ್ಲಿ ಹುಡುಗ್ರಿಗೆ ನಗೋ ಸಿನಿಮಾ ತೋರ್ಸಿ ಆಮೇಲೆ ಆಟ ಆಡಿಸ್ತೀವಿ. ಖುಷೀಲಿರೋರ ಮೆದುಳಿಗೆ 'ತಪ್ಪು' ಅನ್ನೋದು ಅಷ್ಟಾಗಿ ನಾಟಲ್ಲ. ಅಪ್ಪಂಗೆ ಕೆಮ್ಮು ಬಂದಿದ್ದು ತಪ್ಪು ಅಂತ ಗೊತ್ತಾಗ್ಬೇಕು. ನೀವು ಅದನ್ನೂ ಹಬ್ಬ ಮಾಡ್ತೀರಿ!"

"ಹೊಟ್ಟೆಗಂತೂ ಇಲ್ಲ, ಅವನ ನಗೂನೂ ಕಿತ್ಕೋತೀಯೇನೇ ರಾಕ್ಷಸಿ?"

"ನಗ್ತಾ ನಗ್ತಾ ಸತ್ತೋಗ್ಲಾ ಹಾಗಾದ್ರೆ?"

ಆಗಲೇ ಒಮ್ಮೆ ಅವನ ಎದೆಗೆ ಕಫ ಕಟ್ಟಿ ಜ್ವರ ಬಂದು, ಬದುಕಿದ್ದೇ ಹೆಚ್ಚಾಗಿತ್ತು.

ನಮ್ಮನ್ನೆಲ್ಲ ಅವಳು ಹೊರಗೆ ಕಳಿಸಿದಳು. ಜೋಕಿಲ್ಲ, ಹಾಡಿಲ್ಲ, ರೇಡಿಯೋ ಕೂಡ ಇಲ್ಲ. ನಾನು ಅಂಗಳದಲ್ಲಿ ಮೀನು ಹೆರೆಯುತ್ತ ಕೇಳಿಸಿಕೊಳ್ಳುತ್ತಿದ್ದೆ: "ತಪ್ಪು." ಕೆಮ್ಮು. "ತಪ್ಪು ಅಪ್ಪ." ಒಮ್ಮೊಮ್ಮೆ "ಸರಿ" ಎಂದರೂ ಅದರಲ್ಲಿ ನಗುವಿನ ಸುಳಿವಿಲ್ಲ. ಆಮೇಲೆ ಹಿತ್ತಿಲಿಗೆ ಬಂದು ತಲೆವಸ್ತ್ರದ ತುದಿ ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

ಆದರೆ ಬಶೀರ ಕಲಿತೇಬಿಟ್ಟ! ಚಮಚ ಕಂಡರೆ ಸಾಕು, ಗದ್ದ ತಾನೇ ಎದೆಗೆ ಅಂಟುತ್ತಿತ್ತು. ಡಾಕ್ಟರು ನೋಡಿ, ಭೇಷ್ ಎಂದು ನಳಿಕೆ ತೆಗೆದರು. ನಜ್ಲಾ ನನ್ನನ್ನು ತಬ್ಬಿಕೊಂಡು, "ನೋಡಿದ್ರಾ ಅತ್ತೆ!" ಎಂದಳು. ಹೌದಮ್ಮ ನೀನೇ ಗೆದ್ದೆ ಎಂದು ನಾನು ಬಂದರಿಗೆಲ್ಲ ಕೇಳುವಂತೆ ಕೂಗು ಹಾಕಿದೆ.

ಮರುದಿನ ಅವನಿಗಿಷ್ಟವಾದ ಮೀನಿನ ಸಾರನ್ನು ಮಂದವಾಗಿ ಕುದಿಸಿ ತಂದಳು. ಅವನು ಗದ್ದ ತಗ್ಗಿಸಿದ. ತುಟಿ ಬಿಚ್ಚಲಿಲ್ಲ.

"ಆ ಅನ್ನು ಅಪ್ಪ."

ಮೇಷ್ಟರ ಮುಂದೆ ನಿಂತ ಹುಡುಗನಂತೆ ಕಣ್ಣಷ್ಟೇ ಎತ್ತಿ ಅವಳ ಮುಖ ನೋಡಿದ.

"ಬೇಡಮ್ಮ. ತಪ್ಪಾಗತ್ತೆ."

"ಇಲ್ಲಪ್ಪ, ನಿಂಗೆ ಬರತ್ತೆ. ಡಾಕ್ಟ್ರೇ ಹೇಳಿದ್ರಲ್ಲ!"

ಅವನು ತಲೆ ಆಡಿಸಿದ. ಅಂದೂ ಇಲ್ಲ, ಮಾರನೆಯ ದಿನವೂ ಇಲ್ಲ. ನಜ್ಲಾ ತಾನೇ ಓಡಿಬಂದು ನಮ್ಮನ್ನು ಕರೆದಳು. ಹೋದೆವು, ಚಪ್ಪಾಳೆ ತಟ್ಟಿದೆವು, ಅವನದೇ ಹಳೆಯ ಪೋಲಿ ಜೋಕುಗಳನ್ನೆಲ್ಲ ಹೇಳಿದೆವು. ನಾನು ಯೂಯೂ ಎಂದರೆ ಬೆಚ್ಚಿಬಿದ್ದ. ಅಯ್ಯೋ ದೇವರೇ, ನನ್ನ ತಮ್ಮ ನನ್ನ ದನಿಗೆ ಬೆಚ್ಚಿದ!

"ಸರಿ ಅಪ್ಪ, ಎಲ್ಲಾ ಸರಿ," ನಜ್ಲಾ ಅವನ ಕಾಲು ಹಿಡಿದುಕೊಂಡಳು. "ಕೆಮ್ಮಿದ್ರೂ ಸರಿ, ಉಗಿದ್ರೂ ಸರಿ. ಒಂದೇ ಒಂದ್ ಚಮಚ."

"ನಿನ್ ಮುಖ ತಪ್ಪು ಅಂತಿದೆಯಲ್ಲಮ್ಮ," ಎಂದ ಮೆಲ್ಲಗೆ.

ಅವಳು ಮುಖ ಒರೆಸಿಕೊಂಡು ಹಲ್ಲೆಲ್ಲ ಕಾಣುವಂತೆ ನಕ್ಕಳು. ಅಂಥ ನಗು ನನ್ನ ಶತ್ರುವಿನ ಮನೆಯಲ್ಲೂ ಬೇಡ. ಹಾಗೆಯೇ ನಗುತ್ತ ಚಮಚ ಹಿಡಿದೇ ಇದ್ದಳು. ಸಾರು ಆರಿತು. ಸಂಜೆ ಆಸ್ಪತ್ರೆಗೆ ಕರೆದೊಯ್ದು ಮತ್ತೆ ನಳಿಕೆ ಹಾಕಿಸಿದೆವು.