ದಿಂಬಿನ ಹಿಂದಿನ ಒಳಲೆ

ನಾನು ಬೆಳ್ಳಿಯ ಒಳಲೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕವಳು. ಹಸುಗೂಸಿನ ಬಾಯಿಗೆ ಹಾಲು ಬಿಡಲೆಂದು ನನಗೊಂದು ಉದ್ದನೆಯ ಮೂತಿ ಇದೆ. ತುಮಕೂರಿನ ಅಕ್ಕಸಾಲಿಯೊಬ್ಬ ಗಿರಿಜಾಂಬ ಅವರ ಹಳೆಯ ಕಾಲ್ಗೆಜ್ಜೆಗಳನ್ನು ಕರಗಿಸಿ, ಒಂದೇ ದಿನದಲ್ಲಿ ನನ್ನನ್ನು ಬಡಿದು ರೂಪಿಸಿದ. ಆಗ ಅವರ ಮಗಳು ಚೇತನಾಗೆ ಒಂದೂವರೆ ತಿಂಗಳು. ಬಜೆ ತೇಯ್ದ ನೀರು, ಆಮೇಲೆ ಹಸುವಿನ ಹಾಲು, ಎಲ್ಲವನ್ನೂ ಆ ಮಗು ನನ್ನಿಂದಲೇ ಕುಡಿಯಿತು. ಲೋಟ ಹಿಡಿಯಲು ಕಲಿತ ಮೇಲೆ ನನ್ನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಪೂಜೆ ಸಾಮಾನಿನ ಡಬ್ಬಿಗೆ ಸೇರಿಸಿದರು. ಅಲ್ಲಿ ಇಪ್ಪತ್ತೇಳು ವರ್ಷ ಇದ್ದೆ.

ಚೇತನಾಗೆ ಮೊದಲ ಮಗಳು ಹುಟ್ಟಿದಾಗ ಗಿರಿಜಾಂಬ ನನ್ನನ್ನು ಹೊರಗೆ ತೆಗೆದರು. ಆದರೆ ಕೆಲಸವಿರಲಿಲ್ಲ. ಚೇತನಾಗೆ ಕುಪ್ಪಸ ತೊಯ್ಯುವಷ್ಟು ಹಾಲು. ಕಿಟಕಿಯ ಪಕ್ಕದ ಗೂಡಿನಲ್ಲಿ ನಾನು ಸುಮ್ಮನೆ ಕುಳಿತಿದ್ದೆ. ಅವಳು ಮಗುವಿಗೆ ಹಾಲೂಡಿಸುತ್ತ ಇನ್ನೊಂದು ಕೈಯಲ್ಲಿ ಫೋನ್ ಒತ್ತುತ್ತಿದ್ದಳು. ಫೇಸ್‌ಬುಕ್‌ನಲ್ಲಿ ಹಾಲೂಡಿಸುವ ತಾಯಂದಿರದೊಂದು ಗುಂಪು ಕಟ್ಟಿದ್ದಳು. ಬರುಬರುತ್ತ ಅದರಲ್ಲಿ ಇಪ್ಪತ್ತು ಸಾವಿರ ಹೆಂಗಸರಾದರು. ಎಲ್ಲರೂ ಅವಳನ್ನು ಅಡ್ಮಿನ್ ಅಕ್ಕ ಎನ್ನುತ್ತಿದ್ದರು.

ಬಂದದ್ದನ್ನೆಲ್ಲ ಅವಳು ತಾಯಿಗೆ ಓದಿ ಹೇಳುತ್ತಿದ್ದಳು. ಬಸ್ಸಿನಲ್ಲಿ ಹಾಲೂಡಿಸುತ್ತಿದ್ದವಳ ಫೋಟೋದ ಕೆಳಗೆ ಯಾರೋ ಗಂಡಸರು ಹೊಲಸು ಬರೆದರೆ ಅದನ್ನು ಅಳಿಸಿ, ಅವರನ್ನು ಹೊರಗೆ ಹಾಕುತ್ತಿದ್ದಳು. ಆ ಕೆಲಸ ಚೆನ್ನಾಗಿ ಮಾಡುತ್ತಿದ್ದಳು. ಡಬ್ಬಿ ಹಾಲು ಕೊಟ್ಟೆ ಎಂದು ಯಾವಳಾದರೂ ಬರೆದರೆ ಮಾತ್ರ ಗುಂಪು ಮೇಲೆ ಬೀಳುತ್ತಿತ್ತು. ಸೋಮಾರಿ ಎಂದರು, ಮೈಕಟ್ಟು ಕೆಡುತ್ತದೆಂಬ ಭಯ ಎಂದರು. ಮನಸ್ಸಿದ್ದರೆ ಹಾಲು ತಾನಾಗಿ ಬರುತ್ತದೆ ಎಂದು ಚೇತನಾ ಬರೆದಳು. ಅದಕ್ಕೆ ಸಾವಿರಾರು ಮೆಚ್ಚುಗೆ ಬಿದ್ದವು. ನಾನು ಗೂಡಿನಲ್ಲಿ ಕಪ್ಪಾಗುತ್ತಿದ್ದೆ.

ಮೂರು ವರ್ಷದ ನಂತರ ಎರಡನೆಯ ಮಗು. ಹೆರಿಗೆಯಲ್ಲಿ ತುಂಬ ರಕ್ತ ಹೋಯಿತು. ಹಾಲು ಸಾಲಲಿಲ್ಲ. ಆರನೆಯ ದಿನ ಮಗು ಅಳುವುದನ್ನು ಕಡಿಮೆ ಮಾಡಿತು, ಬಟ್ಟೆ ಒದ್ದೆಯಾಗಲಿಲ್ಲ. ಮಕ್ಕಳ ಡಾಕ್ಟರಮ್ಮ ತೂಕ ನೋಡಿದರು. ಎದೆಗೆ ಹಾಕುವುದನ್ನು ಬಿಡಬೇಡಿ, ಸದ್ಯಕ್ಕೆ ಮೇಲುಹಾಲಾಗಿ ಡಬ್ಬಿ ಹಾಲನ್ನೂ ಕೊಡಿ, ಬಾಟಲಿ ಬೇಡ, ಒಳಲೆ ಇದ್ದರೆ ಕುದಿಸಿಕೊಂಡು ಅದರಲ್ಲೇ ಕೊಡಿ ಎಂದರು.

ಗಿರಿಜಾಂಬ ವಿಭೂತಿ ಹಚ್ಚಿ ನನ್ನನ್ನು ಉಜ್ಜಿದರು, ಕುದಿಸಿದರು. ಚೇತನಾ ಬಾಗಿಲು ಹಾಕಿಕೊಂಡು ನನ್ನ ಮೂತಿಯನ್ನು ಮಗುವಿನ ತುಟಿಗೆ ತಾಕಿಸಿದಳು. ಮಗು ಚಪ್ಪರಿಸಿ ಕುಡಿಯಿತು. ಎರಡು ದಿನದಲ್ಲಿ ಕಣ್ಣು ಬಿಟ್ಟು ನೋಡತೊಡಗಿತು.

ಗುಂಪಿನವರು ಫೋಟೋ ಕೇಳಿದರು. ಚೇತನಾ ನನ್ನನ್ನು ದಿಂಬಿನ ಹಿಂದೆ ಸರಿಸಿ, ಮಗುವನ್ನು ಎದೆಗೆ ಹಾಕಿಕೊಂಡು ಫೋಟೋ ತೆಗೆದಳು. ನೀವೇ ನಮಗೆ ಧೈರ್ಯ ಅಕ್ಕ ಎಂದು ಬರೆದರಂತೆ. ಅದನ್ನು ಓದಿ ಹೇಳುವಾಗ ಅವಳ ದನಿಯಲ್ಲಿ ಏನೂ ಇರಲಿಲ್ಲ.

ಒಂದು ಬೆಳಿಗ್ಗೆ ಶಿರಾದ ನಾಗವೇಣಿ ಎಂಬವಳು ಗುಂಪಿನ ಹೊರಗೆ ಚೇತನಾಗೊಬ್ಬಳಿಗೇ ಬರೆದಳು. ಮಗುವಿಗೆ ಹನ್ನೆರಡು ದಿನ, ಹಾಲು ಸಾಲುತ್ತಿಲ್ಲ, ಅಳುವುದೂ ಕಡಿಮೆಯಾಗಿದೆ, ಡಬ್ಬಿ ಹಾಲು ಕೊಡಲೇ, ಮನೆಯವರು ನಿಮ್ಮ ಬರಹ ತೋರಿಸಿ ಬೇಡ ಎನ್ನುತ್ತಾರೆ, ಎಂದು. ಚೇತನಾ ತಾಯಿಗೆ ಅದನ್ನು ಓದಿ ಹೇಳಿದಳು. ಆಗ ನಾನು ಅವಳ ಬಲಗೈಯಲ್ಲಿದ್ದೆ, ಅರ್ಧ ತುಂಬಿದ್ದೆ. ಅವಳು ಎಡಗೈ ಹೆಬ್ಬೆರಳಿನಿಂದ ಉತ್ತರ ಬರೆದಳು. ನನ್ನ ಮೂತಿಯಿಂದ ಒಂದು ಹನಿ ಫೋನಿನ ಮೇಲೆ ಬಿತ್ತು. ಸೆರಗಿನಿಂದ ಒರೆಸಿ ಕಳಿಸಿದಳು.

ನಾಲ್ಕು ದಿನದ ಮೇಲೆ ನಾಗವೇಣಿಯ ಗಂಡ ಬರೆದ. ಮಗುವಿನ ಮೈಯಲ್ಲಿ ನೀರೇ ಇಲ್ಲವಾಗಿ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು. ಬೈದಿರಲಿಲ್ಲ. ಅಷ್ಟೇ ಬರೆದಿದ್ದ.

ಗಿರಿಜಾಂಬ ಮಗಳ ಎದುರು ಕುಳಿತರು.

"ಅವತ್ತು ಏನಂತ ಬರ್ದೆ ಆ ಹುಡುಗೀಗೆ?"

"ಭಯ ಬೇಡ, ಎದೆಗೇ ಹಾಕ್ಕೋತಾ ಇರು, ಹಾಲು ಬಂದೇ ಬರುತ್ತೆ ಅಂತ."

"ಬರೀವಾಗ ನಿನ್ ಕೈಲಿ ಏನಿತ್ತು?"

ಚೇತನಾ ನನ್ನ ಕಡೆ ನೋಡಿದಳು. "ಒಳಲೆ," ಎಂದಳು.

ಗಿರಿಜಾಂಬ ಎದ್ದು ಒಲೆಯ ಕಡೆ ಹೋದರು.

ಮೂರನೆಯ ದಿನ ಮಗು ಉಳಿಯಿತೆಂದು ತಿಳಿಯಿತು. ಚೇತನಾ ನಾಗವೇಣಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿ, ಫೋನನ್ನು ಮಂಚದ ಮೇಲಿಟ್ಟು ಮಾತಾಡಿದಳು. ನಡೆದದ್ದನ್ನೆಲ್ಲ ಹೇಳಿದಳು.

"ನಿಮ್ ಮಗೂಗೆ ಕೊಡ್ತಾ ಇದ್ರಾ ಅಕ್ಕ?"

"ಕೊಡ್ತಾ ಇದ್ದೆ."

"ನನಗೊಂದು ಮಾತು ಹೇಳ್ಬೋದಿತ್ತು."

ಒಳಲೆ ಕಳಿಸಿಕೊಡಲೇ ಎಂದು ಚೇತನಾ ಕೇಳಿದಳು. ಆಸ್ಪತ್ರೆಯವರು ಪುಟ್ಟ ಬಟ್ಟಲು ಕೊಟ್ಟಿದ್ದಾರೆ, ಅದೇ ಸಾಕು ಎಂದು ನಾಗವೇಣಿ ಫೋನ್ ಇಟ್ಟಳು.

ಅಂದೇ ಸಂಜೆ ಚೇತನಾ ಮಗುವಿಗೆ ನನ್ನಿಂದ ಕುಡಿಸುವ ಫೋಟೋವನ್ನು ಗುಂಪಿಗೆ ಹಾಕಿ, ಇದ್ದದ್ದನ್ನು ಇದ್ದ ಹಾಗೆ ಬರೆದಳು. ಮೋಸಗಾತಿ ಎಂದರು. ಡಬ್ಬಿ ಹಾಲಿನ ಕಂಪನಿಯಿಂದ ಏನೋ ಸಿಕ್ಕಿರಬೇಕು ಎಂದರು. ಬೆಳ್ಳಿ ಒಳಲೆ ತೋರಿಸುವ ಶೋಕಿ ಎಂದೂ ಒಬ್ಬಳು ಬರೆದಳು. ಅವಳಿಗೊಬ್ಬಳಿಗೇ ಗುಟ್ಟಾಗಿ ಬರೆದವರು ನಲವತ್ತಕ್ಕೂ ಹೆಚ್ಚು. ನಾನೂ ಕೊಟ್ಟಿದ್ದೆ ಅಕ್ಕ, ಯಾರಿಗೂ ಹೇಳಬೇಡಿ ಎಂದು. ಅವರಲ್ಲಿ ಇಬ್ಬರು, ಎಲ್ಲರೆದುರು ಅವಳನ್ನು ಬೈದವರೇ. ಚೇತನಾ ಯಾರ ಹೆಸರನ್ನೂ ಹೇಳಲಿಲ್ಲ. ಗುಂಪನ್ನು ಬೇರೊಬ್ಬಳಿಗೆ ಒಪ್ಪಿಸಿ ಹೊರಗೆ ಬಂದಳು.

ಈಗ ನಾನು ಬೀರುವಿನ ಮೇಲಿನ ಅರೆಯಲ್ಲಿದ್ದೇನೆ. ನನ್ನ ಹೊಟ್ಟೆಯಲ್ಲೊಂದು ತಗ್ಗು ಬಿದ್ದಿದೆ, ಮೂತಿ ಕಪ್ಪಾಗಿದೆ. ನಾನು ಹಿಡಿದದ್ದು ಗುಟುಕು ಹಾಲು ಮಾತ್ರ. ಅದರಿಂದ ಒಂದು ಮಗು ಬದುಕಿತು, ಅದರ ಮಾತನ್ನು ಮುಚ್ಚಿಟ್ಟದ್ದರಿಂದ ಇನ್ನೊಂದು ಸಾಯುವುದರಲ್ಲಿತ್ತು. ಇದಕ್ಕೆ ನಾನು ಸಂತೋಷ ಪಡಬೇಕೋ ದುಃಖ ಪಡಬೇಕೋ ಗೊತ್ತಾಗುವುದಿಲ್ಲ. ಲೋಹಕ್ಕೆ ಬಿಸಿ ತಂಪು ಮಾತ್ರ ಗೊತ್ತು.

ನಾಗವೇಣಿಯ ಮಗು ನಡೆಯುತ್ತದಂತೆ. ಚೇತನಾಗೆ ಅದನ್ನು ಹೇಳಿದ್ದು ಬೇರೆ ಯಾರೋ. ನಾಗವೇಣಿ ಅಲ್ಲ.