ಮಿಷನ್ನು ಎಣಿಸುವಷ್ಟು ಹೊತ್ತು

ನಲವತ್ತೈದು, ನಲವತ್ತನಾಲ್ಕು, ನಲವತ್ತಮೂರು — ಸಕ್ಕರೆ ನೋಡುವ ಈ ಮಿಷನ್ನು ಹಿಂದಕ್ಕೇ ಎಣಿಸುತ್ತದೆ, ನಮ್ಮ ಹಾಗೆ ಒಂದು ಎರಡು ಅಂದಿದ್ದರೆ ಅದರ ಗಂಟೇನು ಹೋಗುತ್ತಿತ್ತೋ, ಇವರ ತೋರುಬೆರಳ ಮೇಲೆ ರಕ್ತದ ಹನಿ, ಸೊಸೆ ಚೈತ್ರಶ್ರೀ ಪಟ್ಟಿಗೆ ತಾಗಿಸಿಕೊಂಡಾದ ಮೇಲೂ ಮತ್ತೆ ಒಸರಿ ನಿಂತಿದೆ, ದಾಳಿಂಬೆ ಕಾಳಿನಷ್ಟು, ಒರೆಸು ಅನ್ನಲೇ, ಬೇಡ, ಎಣಿಕೆಯ ನಡುವೆ ಮಾತಾಡಿದರೆ ಅವಳಿಗೆ ಕಸಿವಿಸಿ, ಡಿಗ್ರಿ ರಿಸಲ್ಟು ನೋಡುವವಳ ಹಾಗೆ ಉಸಿರು ಹಿಡಿದಿದ್ದಾಳೆ, ಒಳ್ಳೆಯ ಹುಡುಗಿ, ಮಾವ ಅಂದರೆ ಜೀವ ಅವಳಿಗೆ — ಇವರೋ ಅಂಗಡಿಯ ಗಾದಿಯ ಮೇಲೆ ಜೇನಿನ ಹಾಗೆ ಹರಿಯುವ ಜೋನಿ ಬೆಲ್ಲದ ಡಬ್ಬಿಗಳಿಗೆ ಒರಗಿ ನನ್ನನ್ನೇ ನೋಡುತ್ತಿದ್ದಾರೆ, ನೋಡಿ ನಗುತ್ತಾರೆ, ಬರ್ರಿ ಅಮ್ಮಾರೆ, ಕೂತ್ಕಳಿ, ಯಾವೂರಾತು ನಿಮ್ದು, ಎಷ್ಟು ಡಬ್ಬಿ ಬೇಕಿತ್ತು. ನಾನು ಕಣ್ರೀ, ಮಹಾದೇವಿ, ನಿಮ್ ಹೆಂಡ್ತಿ. ಹೌದ್ರಾ, ಸಂತೋಷ ಆತು ಬಿಡ್ರಿ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಒಂದೇ ಒಂದು ಸಲ ಬಹುವಚನ ಕಂಡವಳಲ್ಲ ನಾನು, ಏನೇ, ಎಲ್ಲಿ ಹೋದ್ಯೇ, ನೀರು ತಾರೇ, ಇಷ್ಟೇ, ಈಗ ಗಿರಾಕಿಯ ಮರ್ಯಾದೆ ಸಿಕ್ಕಿದೆ, ಮಾವ ತಮಾಷೆ ಮಾಡ್ತಿದಾರೆ ಅತ್ತೆ ಅಂತ ಸೊಸೆ ನಕ್ಕಳು, ತಮಾಷೆಯವರೇ ಇವರು, ಸೊರಬದ ಪೇಟೆಗೆಲ್ಲ ಗೊತ್ತು, ಆದರೆ ತಮಾಷೆ ಮಾಡುವಾಗ ಇವರ ಎಡಹುಬ್ಬು ಏರುತ್ತದೆ, ಈಗ ಏರಿಲ್ಲ, ಅಂಗಿ ಬೆನ್ನಿಗೆ ಅಂಟಿದೆ, ಬೆಳಿಗ್ಗೆ ಇನ್ಸುಲಿನ್ ಹಾಕಿಸಿಕೊಂಡು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದರು, ಕುಪ್ಪಗಡ್ಡೆಯಿಂದ ಮಾಲು ಬಂತು ಅಂತ, ಇದು ಸಕ್ಕರೆ ಇಳಿದದ್ದು, ನನಗೆ ಗೊತ್ತು — ಗೊತ್ತು ಅನ್ನಬೇಡ ಮಹಾದೇವಿ, ಹೋದ ತಿಂಗಳೂ ಗೊತ್ತು ಅಂದೆ, ಹೀಗೇ ಬೆವರಿದ್ದರು, ಸಿಡಿಮಿಡಿ ಮಾಡಿದರು, ಇಳಿದಿದೆ ಅಂತ ಲೋಟದ ತುಂಬ ಸಕ್ಕರೆ ನೀರು ಕುಡಿಸಿದೆ, ಇಳಿದಿರಲಿಲ್ಲ, ಏರಿತ್ತು, ಶಿಕಾರಿಪುರದ ಆಸ್ಪತ್ರೆಯಲ್ಲಿ ನಾಲ್ಕು ದಿನ, ಕಬ್ಬಿಣದ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದೆ, ಡಾಕ್ಟರು ಬೈಯಲೂ ಇಲ್ಲ, ನಿಮ್ ಅಂದಾಜು ಸಾಕು ಮಾಡ್ರಿ ಅಮ್ಮ, ಹಿಂಗೇ ಒಂದಿನ ಮನುಷ್ಯನ್ನೇ ಕಳ್ಕಂತೀರಿ, ಮಗ ಗುರುಪ್ರಕಾಶ್ ಅಲ್ಲಿಂದಲೇ ದಾವಣಗೆರೆಗೆ ಬಸ್ಸು ಹತ್ತಿ ಈ ಮಿಷನ್ನು ತಂದ, ತೊಂಬತ್ತಾರನೇ ಇಸವಿ ಬಂತಮ್ಮ, ಇನ್ನೂ ಹಣೆ ಮುಟ್ಟಿ ನೋಡಿ ಔಷಧಿ ಕೊಡ್ತೀಯಲ್ಲ, ಇನ್ಮೇಲೆ ಇದು ಹೇಳಿದ್ದೇ ಮಾತು, ಆಯ್ತಪ್ಪ ಅಂದೆ, ಮಲಗಿದ್ದ ಇವರ ತಲೆ ಮುಟ್ಟಿ ಆಣೆ ಮಾಡಿದೆ.

ಕೀ ಅಂದಿತು. ಮುನ್ನೂರ ನಲವತ್ತು, ಅತ್ತೆ. ಚೈತ್ರಶ್ರೀ ಗೋಡೆಗೆ ಅಂಟಿಸಿದ ಡಾಕ್ಟರ ಚೀಟಿ ಓದುತ್ತಾಳೆ, ಮುನ್ನೂರು ದಾಟಿದರೆ ಇನ್ಸುಲಿನ್ ಹತ್ತು ಪಾಯಿಂಟು ಹೆಚ್ಚಿಗೆ, ಸಿರಿಂಜಿಗೆ ಔಷಧಿ ಎಳೆಯುತ್ತಾಳೆ, ಬೆಳಕಿಗೆ ಹಿಡಿದು ಗುಳ್ಳೆ ತಟ್ಟುತ್ತಾಳೆ, ನೋಡು ನಿನ್ನ ಅಂದಾಜು, ಮತ್ತೆ ತಪ್ಪಿತು, ಬಾಯಿ ಮುಚ್ಚಿಕೊಂಡು ನಿಲ್ಲು — ಮಿಷನ್ನು ನಿಜವಾದರೆ ಬೇಕಾದ ಔಷಧಿ ತಡೆದವಳು ನಾನಾಗುತ್ತೇನೆ, ನಾನು ನಿಜವಾದರೆ ಈ ಹತ್ತು ಪಾಯಿಂಟು ಇವರನ್ನು ಕೊಂಡೊಯ್ಯುತ್ತದೆ, ತಾಳು ಅಂದರೆ ಯಾವ ಆಧಾರದ ಮೇಲೆ ಅತ್ತೆ ಅಂತಾಳೆ, ಏನು ಹೇಳಲಿ, ನಿಮ್ಮಾವ ನನಗೆ ಬರ್ರಿ ಅಂದರು ಅಂತಲಾ, ಹುಬ್ಬು ಏರಲಿಲ್ಲ ಅಂತಲಾ, ನನಗೆ ಇವರು ಬೇಕು, ಬೈಯಲಿ, ಏನೇ ಅನ್ನಲಿ, ಇರಲಿ ಸಾಕು, ಸೂಜಿ ತೋಳಿನ ಹತ್ತಿರ ಬಂತು, ಹತ್ತಿಯ ನೆನಪು ಯಾರಿಗೂ ಇಲ್ಲ, ಹನಿ ಬೆರಳ ಗೆಣ್ಣಿನ ಕಡೆ ಇಳಿಯುತ್ತಿದೆ, ಈಳಿಗೆಗೆ ಕೊಯ್ದುಕೊಂಡ ಮಗನ ಬೆರಳನ್ನು ಎಷ್ಟು ಸಲ ಬಾಯಿಗಿಟ್ಟುಕೊಂಡಿದ್ದೇನೋ, ಕೈ ತಾನಾಗಿ ಇವರ ಬೆರಳನ್ನು ಹಿಡಿಯಿತು, ಬಾಯಿ ತಾನಾಗಿ ತೆರೆಯಿತು, ಸೊಸೆಯ ಎದುರು, ಬೀದಿಗೆ ಬಾಗಿಲು ತೆರೆದಿರುವ ಅಂಗಡಿಯಲ್ಲಿ — ಸಿಹಿ.

ಉಪ್ಪುಪ್ಪು ರಕ್ತದ ಜೊತೆಗೆ ಸಿಹಿ, ಜೋನಿ ಬೆಲ್ಲ, ಹೌದಲ್ಲ, ಕಾಯಿಲೆ ಬಂದ ಮೇಲೆ ಇವರು ಮಾಲನ್ನು ನಾಲಿಗೆಗೆ ಇಡುವುದಿಲ್ಲ, ಹೆಬ್ಬೆರಳು ತೋರುಬೆರಳ ನಡುವೆ ಎಳೆ ಎಳೆದು ನೋಡಿ ಪಂಚೆಗೆ ಒರೆಸಿಕೊಳ್ಳುತ್ತಾರೆ, ಬೆಳಿಗ್ಗೆಯಿಂದ ಹನ್ನೆರಡು ಡಬ್ಬಿ ನೋಡಿದ ಬೆರಳು ಇದು, ಮಿಷನ್ನು ಸುಳ್ಳು ಹೇಳಲಿಲ್ಲ ಪಾಪ, ತನಗೆ ಸಿಕ್ಕ ಸಿಹಿಯನ್ನು ಹೇಳಿತು, ಚೈತ್ರಾ, ಸೂಜಿ ಕೆಳಗಿಡು. ಅತ್ತೆ, ಮುನ್ನೂರ ನಲವತ್ತಿದೆ. ಬೆರಳಲ್ಲಿ ಬೆಲ್ಲ ಐತೆ ಕಣೇ, ಅವ್ರ ಆ ಕಡೆ ಕೈನ ಸೋಪು ಹಾಕಿ ತೊಳ್ದು ಇನ್ನೊಂದ್ಸಲ ನೋಡು. ಅವಳ ಮುಖ ಬಿಳಿಚಿತು, ಚೊಂಬಲ್ಲಿ ನೀರು ತರಲು ಓಡಿದಳು, ಸಂಜೆ ಅವಳನ್ನು ಹತ್ತಿರ ಕೂರಿಸಿಕೊಂಡು ಮಾತಾಡಬೇಕು, ತಪ್ಪಿದವಳ ಸಂಕಟ ನನಗೆ ಗೊತ್ತಿಲ್ಲವೇ, ಆದರೆ ಈಗ ಕಾಯಲಾರೆ, ಹತ್ತಿರದ ಡಬ್ಬಿಗೆ ಬೆರಳದ್ದಿ ಇವರ ದವಡೆಯೊಳಗೆ ಸವರಿದೆ, ನುಂಗ್ರೀ, ನುಂಗಿದರು, ಇನ್ನೊಂದು ಸಲ, ಇನ್ನೊಂದು, ಆ ಕಡೆ ನೀರಿನ ಸದ್ದು, ಸೋಪಿನ ವಾಸನೆ, ಮಿಷನ್ನಿನ ಕೀ, ಬರೀ ಮೂವತ್ತೆಂಟು, ಅತ್ತೆ, ಅಳುತ್ತಿದ್ದಾಳೆ ಹುಡುಗಿ, ಅಳಲಿ, ನಾನು ಆ ಕಡೆ ತಿರುಗಲಾರೆ, ಆರು ವರ್ಷದಿಂದ ಬೆಲ್ಲ ಕಾಣದ ನಾಲಿಗೆ ಎಳಗರುವಿನ ಹಾಗೆ ಹಿಡಿದುಬಿಟ್ಟಿದೆ, ಬೆಚ್ಚಗೆ, ಚೀಪುತ್ತಿದೆ, ಬಿಡಿಸಿಕೊಳ್ಳಲು ಮನಸ್ಸಿಲ್ಲ, ಬೆರಳು, ಇವರ ಬಾಯಲ್ಲಿ ನನ್ನ ಬೆರಳು